ಮಳೆ ಕೇಳಿದರೆ ಕಾಗದ

ಸೋಮವಾರ, ಮಕ್ಕಳು ಪಾಠಕ್ಕೆ ಬರುವ ಮೊದಲು

ಹವಾಮಾನ ಇಲಾಖೆಯವರಿಗೆ, ಅಂದರೆ ನಮ್ಮ ಮನೆಯವರಿಗೆ,

ಹೇಗಿದ್ದೀರಿ ಎಂದು ಕೇಳುವುದಿಲ್ಲ, ನಿಮ್ಮ ಅಕ್ಕ, ಅಂದರೆ ನಮ್ಮ ಅತ್ತಿಗೆ, ಎಲ್ಲ ಹೇಳಿದ್ದಾರೆ. ಫೋನ್ ಮಾಡಿದರೆ ನೀವು ಎತ್ತುವುದಿಲ್ಲ. ಎತ್ತಿದರೆ ನಾನು ಸುಮ್ಮನಿರುವುದಿಲ್ಲ. ಅದಕ್ಕೇ ಈ ಪತ್ರ.

ಅಕ್ಕನ ಮನೆಗೆ ಬಣ್ಣ ಬಳಿಸಿಕೊಟ್ಟು ಬರುತ್ತೇನೆಂದು ಹೋದವರು ನೀವು. ಆ ಬಣ್ಣ ಒಣಗಿ ಎಷ್ಟೋ ದಿನವಾಯಿತಂತೆ, ನೀವು ಮಾತ್ರ ಇನ್ನೂ ಹಸಿಯಾಗಿದ್ದೀರಿ. ನಿಮ್ಮ ಗೆಳೆಯರ ಎದುರಿಗೆ, ‘ಮಳೆ ಬರ್ತಿದೆಯಾ ಅಂತ ನೋಡೋಕೆ ಕಿಟಕಿ ಸಾಕಲ್ವೇನ್ರೀ, ಅದಕ್ಕೊಂದು ಕಂಪ್ಯೂಟರ್ ಯಾಕೆ?’ ಎಂದು ನಾನು ಅಂದದ್ದು ನಿಜ. ಆದರೆ ಅಷ್ಟು ಜೋರಾಗಿ ನಕ್ಕವರು ಅವರು. ಮುನಿಸು ಮಾತ್ರ ನನ್ನ ಪಾಲಿಗೆ ಬಂತು.

ಇರಲಿ. ತಾರಸಿಯ ಕಂಬದ ಮೇಲಿನ, ಮಳೆ ಗಾಳಿ ಅಳೆಯುವ ನಿಮ್ಮ ಸಲಕರಣೆಗಳು ಏನು ಹೇಳುತ್ತಿವೆಯೋ ಅದನ್ನು ಅಲ್ಲಿಂದಲೇ ಫೋನಿನಲ್ಲಿ ನೋಡಬೇಕು, ಅದಕ್ಕೆ ನಾನು ರೌಟರಿನಲ್ಲಿ ಪೋರ್ಟ್ ಫಾರ್ವರ್ಡಿಂಗ್ ಮಾಡಬೇಕು ಎಂದು ಅತ್ತಿಗೆಯ ಬಾಯಲ್ಲಿ ಹೇಳಿ ಕಳಿಸಿದಿರಲ್ಲ, ಮಾಡಿದೆ. ಗಣಿತದ ಟೀಚರ್‌ಗೆ ಇದೇನು ಮಹಾ ಎಂದುಕೊಂಡೆ.

ಮೊದಲ ಅಡ್ಡಿ ಪಾಸ್‌ವರ್ಡ್. ನನ್ನ ಹುಟ್ಟಿದ ದಿನ ಹಾಕಿದೆ, ಇಲ್ಲ. ನಮ್ಮ ಮದುವೆಯ ದಿನ ಹಾಕಿದೆ, ಇಲ್ಲ. ಗಾಳಿಯ ವೇಗ ಅಳೆಯುವ ಆ ಗಿರಗಿಟ್ಟಲೆಯ ಮಾಡೆಲ್ ನಂಬರ್ ಹಾಕಿದೆ ನೋಡಿ, ಥಟ್ಟನೆ ತೆರೆಯಿತು. ಸಂತೋಷ. ನನ್ನ ಸ್ಥಾನ ಎಲ್ಲಿದೆ ಎಂದು ಗೊತ್ತಾಯಿತು.

ರೌಟರ್ ಎಂದರೆ ಗೇಟಿನ ಕಾವಲುಗಾರ ಎಂದು ಪಕ್ಕದ ಮನೆಯ ಬ್ಯಾಂಕಿನವರು ವಿವರಿಸಿದರು. ಹೊರಗಿನಿಂದ ಯಾರೇ ಬಂದರೂ ವಾಪಸ್ ಕಳಿಸುತ್ತಾನಂತೆ. ಇಂಥ ನಂಬರಿನ ಬಾಗಿಲು ಕೇಳಿ ಬಂದವರನ್ನು ಮನೆಯೊಳಗಿನ ಇಂಥ ಯಂತ್ರದ ಹತ್ತಿರ ಬಿಡು ಎಂದು ನಾವೇ ಅವನಿಗೆ ಬರೆದುಕೊಡಬೇಕು, ಅದೇ ಈ ಪೋರ್ಟ್ ಫಾರ್ವರ್ಡಿಂಗ್. ಸ್ಟೋರ್ ರೂಮಿನಲ್ಲಿರುವ ನಿಮ್ಮ ಪುಟ್ಟ ಕಂಪ್ಯೂಟರಿನ ವಿಳಾಸ ಬರೆದುಕೊಟ್ಟೆ. ಹೊರಗಿನಿಂದ ನಮ್ಮ ಮನೆಯ ರೌಟರನ್ನು ಹುಡುಕುವ ಇಂಟರ್ನೆಟ್ ನಂಬರನ್ನು ನಿಮಗೆ ಮುಟ್ಟಿಸಲೆಂದು ಅತ್ತಿಗೆಗೆ ಓದಿ ಹೇಳಿದೆ. ಅದೇ ಸಂಜೆ ಕರೆಂಟ್ ಹೋಗಿ ಬಂತು. ಅದನ್ನು ನಾನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಮಾರನೆಯ ದಿನ ಬೆಳಿಗ್ಗೆ ಹಾಲು ಕಾಯಿಸುತ್ತಿದ್ದೆ. ಯಾರೂ ಮುಟ್ಟದ ಪ್ರಿಂಟರ್ ಕರ್‌ಕರ್ ಎಂದು ತಾನಾಗಿ ಒಂದು ಹಾಳೆ ಉಗುಳಿತು. ಮೇಲೆ ನಾಲ್ಕು ಸಾಲು ಇಂಗ್ಲಿಷ್ ಗಿಜಿಬಿಜಿ, ಕೆಳಗೆಲ್ಲ ಖಾಲಿ. ಸ್ವಲ್ಪ ಹೊತ್ತಿಗೆ ಇನ್ನೊಂದು. ಆಮೇಲೆ ಮತ್ತೊಂದು. ಬ್ಯಾಂಕಿನವರು ಓಡಿಬಂದು, ‘ವೈರಸ್ ಕಣಮ್ಮ! ಎಲ್ಲಾ ವೈರ್ ಕಿತ್ಹಾಕಿ!’ ಎಂದು ಕೂಗುತ್ತಾ ಮೊದಲು ನಮ್ಮ ಫ್ರಿಜ್ಜಿನ ವೈರನ್ನೇ ಕಿತ್ತರು. ಸಂಜೆಗೆ ಐಸ್‌ಕ್ರೀಮ್ ಪಾಯಸವಾಯಿತು.

ಅದಕ್ಕಿಂತ ದೊಡ್ಡ ಅವಮಾನ ಪಾಠದಲ್ಲಿ ಆಯಿತು. ಅಂಥ ಒಂದು ಹಾಳೆ ಪರೀಕ್ಷೆಯ ಪ್ರಶ್ನೆಪತ್ರಿಕೆಗಳ ನಡುವೆ ಸೇರಿಹೋಗಿ, ತರಗತಿಯಲ್ಲೇ ಜಾಣೆಯಾದ ಹುಡುಗಿಯ ಕೈಗೆ ಸಿಕ್ಕಿತು. ಅವಳು ಹೆದರದೆ ಅದನ್ನೇ ಬಿಡಿಸಲು ಕೂತಳು. ಕೊನೆಗೆ ಕಣ್ಣಲ್ಲಿ ನೀರು ತುಂಬಿಕೊಂಡು, ‘ಮಿಸ್, ಎಕ್ಸ್ ಎಲ್ಲೂ ಸಿಗ್ತಾನೇ ಇಲ್ಲ’ ಎಂದಳು. ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಇನ್ನೇನು ಮಾಡಲಿ?

ಬ್ರಾಡ್‌ಬ್ಯಾಂಡ್ ಕಂಪನಿಗೆ ಫೋನ್ ಮಾಡಿದೆ. ಅಲ್ಲಿನ ಹೆಣ್ಣುಮಗಳು ತಾಳ್ಮೆಯವಳು. ‘ಮೇಡಂ, ಕರೆಂಟ್ ಹೋಗಿ ಬಂದ್ಮೇಲೆ ರೌಟರ್ ಎಲ್ಲರಿಗೂ ಹೊಸದಾಗಿ ವಿಳಾಸ ಹಂಚಿರುತ್ತೆ. ಕಂಪ್ಯೂಟರಿಗಿದ್ದ ವಿಳಾಸ ಈಗ ನಿಮ್ಮ ಪ್ರಿಂಟರಿಗೆ ಹೋಗಿದೆ. ಯಾರೋ ಹೊರಗಡೆಯಿಂದ ಬಾಗಿಲು ತಟ್ಟಿದಾಗೆಲ್ಲ ಅದು ಪ್ರಿಂಟ್ ಹೊಡೀತಿದೆ’ ಎಂದಳು. ನೀವು ಆರಿಸಿಕೊಟ್ಟ ಬಾಗಿಲ ನಂಬರೂ ಪ್ರಿಂಟರ್ ಕಿವಿಗೊಟ್ಟು ಕೂರುವ ನಂಬರೂ ಒಂದೇ ಆಗಿತ್ತಂತೆ. ನಿಮ್ಮ ಆಯ್ಕೆಯೇ ಹಾಗೆ.

ಫೋನ್ ಇಟ್ಟು ಆ ಗಿಜಿಬಿಜಿಯನ್ನು ಕನ್ನಡಕ ಹಾಕಿಕೊಂಡು ಓದಿದೆ. ತಟ್ಟಿದವರ ಫೋನಿನ ಮಾಡೆಲ್ ಅದರಲ್ಲೇ ಇತ್ತು. ಬೇಕಾದ ಭಾಷೆ ಕನ್ನಡ ಎಂಬ ಗುರುತೂ ಇತ್ತು. ಪರದೆ ಒಡೆದರೂ ಬಿಡದೆ ಇಟ್ಟುಕೊಂಡಿರುವ ಆ ಹಳೇ ಫೋನ್ ನಿಮ್ಮದಲ್ಲದೆ ಇನ್ನಾರದು? ಮನೆಗೆ ಕಾಲಿಡಲು ಒಲ್ಲದವರು ದಿನವಿಡೀ ಮನೆಯ ಬಾಗಿಲು ತಟ್ಟುತ್ತಿದ್ದಿರಿ.

ಮೋಡ ಕವಿದ ದಿನ ನಿಮ್ಮ ಹಾವಳಿ ವಿಪರೀತ. ಒಂದು ಮಧ್ಯಾಹ್ನವಂತೂ ಕಾಗದ ನೆಲದ ಮೇಲೆಲ್ಲ ಹರಡಿತು. ತಡೆಯಲಾರದೆ ಅತ್ತಿಗೆಗೆ ಫೋನ್ ಮಾಡಿ, ನಿಮ್ಮ ತಮ್ಮನಿಗೆ ಬೇರೆ ಕೆಲಸವಿಲ್ಲವೇ ಎಂದೆ. ಅವರು ನಕ್ಕರು. ‘ಇಲ್ಲೇ ಮಳೆ ಸುರೀತಿದೆ, ಇದನ್ನೇ ನೋಡೋ ಅಂದೆ ಕಣೇ. ಅದಕ್ಕವನು, ಇಲ್ಲಿದು ಬಿಡಕ್ಕ, ಅಲ್ಲಿ ಅವಳು ಬಟ್ಟೆ ಒಣಹಾಕಿರ್ತಾಳೆ, ಪಾಠದಲ್ಲಿ ಮುಳುಗಿದ್ರೆ ಅವಳಿಗೆ ಮಳೆ ಬಂದಿದ್ದೇ ಗೊತ್ತಾಗಲ್ಲ ಅಂತಾನೆ’ ಎಂದರು.

ಫೋನ್ ಹಿಡಿದುಕೊಂಡೇ ಕಿಟಕಿಯಾಚೆ ನೋಡಿದೆ. ಹಾಸಿಗೆ ಹೊದಿಕೆಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಕಿಟಕಿ ಸಾಕು ಎಂದವಳ ಮನೆಯ ಸ್ಥಿತಿ ಇದು.

ಈಗ ವಿಷಯಕ್ಕೆ ಬರುತ್ತೇನೆ. ಈ ರೌಟರಿನ ಗೋಜಲು ನನ್ನಿಂದ ಬಿಡಿಸಲಾಗುತ್ತಿಲ್ಲ. ಎಷ್ಟು ಹೆಣಗಿದರೂ ಅದು ಪ್ರಿಂಟರಿಗೇ ಹೋಗಿ ನಿಲ್ಲುತ್ತದೆ. ನೀವೇ ಬಂದು ನೋಡದೆ ಬೇರೆ ದಾರಿ ಕಾಣೆ. ನಿಮ್ಮ ಗೆಳೆಯರನ್ನೂ ಕರೆಯೋಣ. ಈ ಸಲ ನಗುವ ಸರದಿ ನಿಮ್ಮದು.

ಇಂತಿ,
ಒದ್ದೆ ಹೊದಿಕೆಗಳ ನಡುವಿನಿಂದ,
ನಿಮ್ಮವಳು

ವಿ.ಸೂ.: ಸುಳ್ಳು ಹೇಳಿ ಅಂಚೆಗೆ ಹಾಕಲು ಮನಸ್ಸು ಒಪ್ಪುತ್ತಿಲ್ಲ. ಆ ಹೆಣ್ಣುಮಗಳು ಹೇಳಿದಂತೆ ಕಂಪ್ಯೂಟರಿಗೆ ಒಂದು ವಿಳಾಸವನ್ನು ಕಾಯಂ ಮಾಡಿ ಅವತ್ತೇ ಎಲ್ಲ ಸರಿಪಡಿಸಿದ್ದೆ. ತರಕಾರಿ ಅಂಗಡಿಯ ಮುಂದೆ ನಿಂತು ನನ್ನ ಫೋನಿನಲ್ಲಿ ನೋಡಿದೆ. ಗಾಳಿ, ಬಿಸಿಲು, ಮಳೆ ಎಲ್ಲ ಚೆನ್ನಾಗಿ ಕಾಣಿಸಿತು. ಆದರೆ ಮನೆಗೆ ಬಂದರೆ ಪ್ರಿಂಟರ್ ಮೂಕವಾಗಿ ಕೂತಿತ್ತು. ಸಂಜೆಯವರೆಗೆ ಸಹಿಸಿದೆ. ಆಮೇಲೆ ನಾನೇ ಆ ಬಾಗಿಲನ್ನು ಮತ್ತೆ ಪ್ರಿಂಟರಿನ ಕಡೆಗೆ ತಿರುಗಿಸಿಬಿಟ್ಟೆ. ಕಾಗದ ಮುಗಿಯುತ್ತಾ ಬಂದಿದೆ, ಬೇಗ ಬನ್ನಿ.