ಎತ್ತರದ ಸ್ಟ್ಯಾಂಡು

ನಮ್ಮ ಮೇಡಮ್ಮನಿಗೆ, ಮಾವನ ಆಶೀರ್ವಾದ.

ನಿನ್ನ ಲ್ಯಾಪ್‌ಟಾಪಿಗೆ ಎತ್ತರದ ಸ್ಟ್ಯಾಂಡು ಮಾಡಿ ಕಳಿಸಿದ್ದೇನೆ. ಇಂಥ ನಯಗೆಲಸ ಈ ಬಡಗಿಗಲ್ಲದೆ ಇನ್ಯಾರಿಗೂ ಬರದು. ನಿನ್ನ ಕುತ್ತಿಗೆ ನೋವಿನ ಕಾರಣವನ್ನೂ ಡಾಕ್ಟರಿಗಿಂತ ಮೊದಲು ಕಂಡುಹಿಡಿದವನು ನಾನೇ: "ಆನ್‌ಲೈನ್ ಪಾಠಾನ ಕೊಕ್ಕರೆ ಹಾಗೆ ಬಗ್ಗಿ ಮಾಡ್ತೀಯಲ್ಲೇ!"

"ಸುಮ್ನಿರು ಮಾವ. ಲ್ಯಾಪ್‌ಟಾಪ್ ಮೇಲಿಟ್ರೆ ಹಿಂದೆ ಮಲಗಿರೋ ಅಮ್ಮ ಕ್ಯಾಮೆರಾದಲ್ಲಿ ಕಾಣ್ತಾಳೆ," ಎಂದು ನೀನು ಗದರಿದೆ. ಹುಟ್ಟಿದಾಗಿನಿಂದ ನಾನು ಬಾಯಿ ಮುಚ್ಚಿದ್ದು ಅದೊಂದೇ ಸಲ.

ನಿನ್ನಮ್ಮ, ನನ್ನ ತಂಗಿ, ಹೋದ ಮೇಲೆ ಅವಳ ಮಂಚವನ್ನು ನಾನೇ ಬಿಚ್ಚಿ ಹೊರಗೆ ಸಾಗಿಸಿದೆ. ಮರುದಿನವೂ ನೀನು ಅದೇ ಮೋಟು ಸ್ಟೂಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟು, ಬಗ್ಗಿಕೊಂಡೇ ಪಾಠ ಮಾಡಿದೆ. ನೋಡಲಾಗದೆ, ಹೇಳದೆ ಕೇಳದೆ ಬಸ್ಸು ಹತ್ತಿಬಿಟ್ಟೆ.

ಇನ್ನು ಸ್ಟ್ಯಾಂಡಿನ ಮೇಲಿಡು ಮಗಳೇ. ಹಿಂದೆ ಈಗ ಬರೀ ಗೋಡೆ.

ನಿನ್ನ ಬಾಯಿಬಡುಕ ಮಾವ