ಎಡಗಡೆ ಅರ್ಧ ಬೆರಳು ಮೇಲೆ

ತಾರೀಖು ಹದಿನೇಳು, ಮಂಗಳವಾರ
ಅಂಗಡಿಯ ಬೆಂಚಿನ ಮೇಲೆ ಕೂತು, ಮಧ್ಯಾಹ್ನ

ನನ್ನ ಪ್ರೀತಿಯ ಮೊಂಡನಿಗೆ,

ನಿನ್ನ ಅಕ್ಕ ಬದುಕಿದ್ದಾಳೆ, ಗಟ್ಟಿಮುಟ್ಟಾಗಿದ್ದಾಳೆ, ಗಾಬರಿ ಬೇಡ. ಮೂರು ಪತ್ರ ಬರೆದರೂ ಒಂದಕ್ಕೂ ಉತ್ತರವಿಲ್ಲ ಅಂತ ನೀನು ಅಲ್ಲಿ ಹಲ್ಲು ಕಡಿಯುತ್ತಿರುತ್ತೀಯ, ಗೊತ್ತು. ಕಡಿಯಬೇಡ, ಮೊದಲೇ ನಿನ್ನ ಹಲ್ಲು ಅಷ್ಟಕ್ಕಷ್ಟೆ. ಅಂಚೆಯವನು ನಮ್ಮ ಬೀದಿಗೆ ಕಾಲಿಟ್ಟು ಎಷ್ಟೋ ಕಾಲವಾಗಿತ್ತು. ಹೋದ ವಾರ ಬಂದು ಮೂರನ್ನೂ ಒಟ್ಟಿಗೇ ಕೈಗಿಟ್ಟ. ಓದಿ ಒಂದು ಸುತ್ತು ಅತ್ತು, ಆಮೇಲೆ ನಿನ್ನನ್ನು ಚೆನ್ನಾಗಿ ಬೈದುಕೊಂಡೆ. ನಿನ್ನ ಹೆಂಡತಿ ಹೇಗಿದ್ದಾಳೆ? ಚಿಕ್ಕವಳ ಕೆಮ್ಮು ಹೋಯಿತಾ?

ಮೊದಲು ಮುಖ್ಯವಾದ ಮಾತು. ಇಪ್ಪತ್ತೆರಡರ ಭಾನುವಾರ ಗಾಡಿ ತಗೊಂಡು ಬರ್ತೀನಿ, ಅಕ್ಕನನ್ನೂ ಸಾಮಾನನ್ನೂ ಹೇರಿಕೊಂಡು ಹೋಗ್ತೀನಿ, ಭಾವನ ಕಟಿಂಗ್ ಕುರ್ಚಿಗೆ ಗಿರಾಕಿ ನೋಡಿಟ್ಟಿದ್ದೀನಿ ಅಂತ ಬರೆದಿದ್ದೀಯಲ್ಲ, ಗಾಡಿ ತರಬೇಡ. ಆ ಗಿರಾಕಿಗೆ ಬೇರೆ ಕುರ್ಚಿ ಹುಡುಕಿಕೊಳ್ಳಲು ಹೇಳು. ಯಾಕೆ ಅಂತ ಬರೆಯುತ್ತೇನೆ, ಪೂರ್ತಿ ಓದು. ಅರ್ಧಕ್ಕೇ ಎದ್ದು ಹೋಗಿ ಹೆಂಡತಿ ಹತ್ತಿರ "ನಮ್ಮಕ್ಕನಿಗೆ ತಲೆ ಕೆಟ್ಟಿದೆ" ಅನ್ನಬೇಡ.

ನಿನ್ನ ಭಾವ ತೀರಿಕೊಂಡ ವಾರವೇ ಸರ್ಕಾರವೂ ಬಿದ್ದದ್ದು. ಊರಿಗೆಲ್ಲ ಅದು ದೊಡ್ಡ ಸುದ್ದಿ, ನನಗೆ ಇದು. ಒಬ್ಬರ ಗಡ್ಡ ಮುಗಿಸಿ, ಮುಂದಿನವರು ಬರುವಷ್ಟರಲ್ಲಿ ಸ್ವಲ್ಪ ಸುಧಾರಿಸಿಕೊಳ್ಳೋಣ ಅಂತ ತಾವೇ ಕುರ್ಚಿಯಲ್ಲಿ ಕೂತವರು ಏಳಲೇ ಇಲ್ಲ. ರಸ್ತೆ ಬಂದ್, ರೈಲು ಬಂದ್, ಹೊರಗೆ ಕರ್ಫ್ಯೂ. ಇದ್ದ ನಾಲ್ಕು ಜನವೇ ಸೇರಿ ಅವರನ್ನು ಕಳಿಸಿಕೊಟ್ಟೆವು. ಬರಲಾಗಲಿಲ್ಲ, ಬರಲಾಗಲಿಲ್ಲ ಅಂತ ನೀನು ಮೂರು ಪತ್ರದಲ್ಲೂ ಕೊರಗಿದ್ದೀಯ. ಸಾಕು ಮಾರಾಯ, ಬಿಡು. ರೈಲೇ ಇಲ್ಲದ ಮೇಲೆ ನೀನೇನು ಹಾರಿಕೊಂಡು ಬರುತ್ತಿದ್ದೆಯಾ? ನಿನ್ನ ಮೇಲೆ ನನಗೆ ಎಳ್ಳಷ್ಟೂ ಬೇಜಾರಿಲ್ಲ.

ಆಮೇಲೆ ನಾನು ಅಂಗಡಿಗೆ ಬೀಗ ಹಾಕಿ ಹಿಂದಿನ ಕೋಣೆಯಲ್ಲಿ ಬಿದ್ದುಕೊಂಡೆ. ಹೊರಗೆ ಬೀದಿ ಎರಡು ಪಾಲಾಯಿತು. ಹಳೆ ಸರ್ಕಾರದ ಕಡೆಗೆ ಔಷಧಿ ಅಂಗಡಿ ಯಜಮಾನರು ಮತ್ತು ಅವರ ಬಳಗ. ಎಣ್ಣೆ ಹಚ್ಚಿ, ಪಕ್ಕಕ್ಕೆ ಬೈತಲೆ ತೆಗೆದು, ನುಣ್ಣಗೆ ಬಾಚಿಕೊಳ್ಳುವವರು. ಹೊಸಬರ ಕಡೆಗೆ ಎದುರುಮನೆಯ ಬಸ್ ಡ್ರೈವರ್ ಮತ್ತು ಅವನ ಗೆಳೆಯರು. ಇವರು ಭುಜದವರೆಗೆ ಕೂದಲು ಇಳಿಬಿಟ್ಟವರು. ಗಲಾಟೆಯ ದಿನ ಯಾರೋ ಎಸೆದ ಕಲ್ಲಿಗೆ ಔಷಧಿ ಅಂಗಡಿಯ ಗಾಜು ಪುಡಿಪುಡಿಯಾಯಿತು. ಡ್ರೈವರೇ ಎಸೆದದ್ದು ಅಂತ ಯಜಮಾನರು. "ನಾನು ಎಸೆಯೋನಾಗಿದ್ರೆ ಗಾಜಿಗ್ಯಾಕೆ ಎಸೀತಿದ್ದೆ, ನೆಟ್ಟಗೆ ಅವರಿಗೇ ಎಸೀತಿದ್ದೆ" ಅಂತ ಅವನು. ಅಲ್ಲಿಗೆ ಮಾತುಕತೆ ಬಂದ್. ಬೀದಿಯ ತುದಿಯಲ್ಲಿ ಕಾವಲು ನಿಂತ ಪೊಲೀಸರಿಗೂ ಕೂದಲೇ ಗುರುತು. ಒಂದು ದಿನ ನುಣ್ಣಗೆ ಬಾಚಿದವರನ್ನು ತಡೆಯುವರು, ಇನ್ನೊಂದು ದಿನ ಕೂದಲು ಬಿಟ್ಟವರನ್ನು.

ಆಗ ಬಂತು ನೋಡು ಆರ್ಡರು! ಬೀದಿಯಿಂದ ಹೊರಗೆ ಕಾಲಿಡಬೇಕಾದರೆ ಪಾಸು ಬೇಕು. ಪಾಸಿಗೆ ಹೊಸ ಫೋಟೋ ಬೇಕು. ಫೋಟೋದಲ್ಲಿ ಎರಡೂ ಕಿವಿ ಪೂರ್ತಿ ಕಾಣಬೇಕು. ಅಷ್ಟು ದಿನ ಕಟಿಂಗ್ ಇಲ್ಲದೆ ಎಲ್ಲರ ತಲೆಯೂ ಪೊದೆಯಾಗಿತ್ತು. ಕಿವಿ ಹಾಗಿರಲಿ, ಕೆಲವರಿಗೆ ಮುಖವೇ ಸಿಗುತ್ತಿರಲಿಲ್ಲ. ನಡೆದು ಹೋಗುವಷ್ಟು ದೂರದಲ್ಲಿ ಇದ್ದ ಕಟಿಂಗ್ ಅಂಗಡಿ ನಮ್ಮದೊಂದೇ.

ಒಂದು ಬೆಳಗ್ಗೆ ಔಷಧಿ ಅಂಗಡಿ ಯಜಮಾನರು ಬಂದು ಬಾಗಿಲು ತಟ್ಟಿದರು. "ಏನಮ್ಮಾ ತಂಗಿ, ಕಿವಿ ಕಾಣಬೇಕಂತೆ" ಅಂದರು, ಕಳ್ಳನ ಹಾಗೆ ಅತ್ತಿತ್ತ ನೋಡುತ್ತಾ. ನನಗೆ ಬರೋದು ಒಂದೇ ತಲೆ ಅಂದೆ. "ಯಾವುದು?" ಅಂದರು. "ನಮ್ಮೆಜಮಾನರದು" ಅಂದೆ. "ಅದೇ ಮಾಡಮ್ಮ, ನನಗೇನು ಸಿನಿಮಾದಲ್ಲಿ ಪಾರ್ಟು ಇದೆಯಾ" ಅಂತ ಬಂದು ಕೂತೇಬಿಟ್ಟರು.

ನಿನಗೆ ಗೊತ್ತಲ್ಲ, ಊರಿನವರ ತಲೆಯೆಲ್ಲ ನೋಡಿಕೊಳ್ಳುವ ಮನುಷ್ಯನಿಗೆ ತನ್ನ ತಲೆ ತಾನು ಕತ್ತರಿಸಿಕೊಳ್ಳಲು ಆಗುವುದಿಲ್ಲ. ಬೇರೆ ಅಂಗಡಿಗೆ ಹೋಗಿ ಅಂದರೆ "ಆ ಕಟುಕರ ಕೈಗೆ ಕೊಡ್ತೀನಾ?" ಅನ್ನುತ್ತಿದ್ದರು. ಮದುವೆಯಾದ ಹೊಸದರಲ್ಲೇ ಕತ್ತರಿ ನನ್ನ ಕೈಗಿಟ್ಟರು. ತಿಂಗಳಿಗೊಮ್ಮೆ, ರಜೆಯ ಮಧ್ಯಾಹ್ನ ಕುರ್ಚಿಯಲ್ಲಿ ಕೂತು ಕನ್ನಡಿಯೊಳಗಿಂದಲೇ ಟ್ರಾಫಿಕ್ ಪೊಲೀಸಿನ ಹಾಗೆ ಕೈ ತೋರಿಸುವುದು. "ಸಾಕು. ಇನ್ನೂ ಮೇಲೆ. ಅಯ್ಯೋ ಕಿವಿ, ಕಿವಿ!" ಅವರ ಎಡಗಿವಿ ಹುಟ್ಟಿದಾಗಿನಿಂದ ಬಲಗಿವಿಗಿಂತ ಅರ್ಧ ಬೆರಳು ಮೇಲಿತ್ತಲ್ಲ, ಅದಕ್ಕೇ ಪ್ರತಿಸಲವೂ "ಎಡಗಡೆ ಅರ್ಧ ಬೆರಳು ಮೇಲೆ ಹಿಡಿ, ಆಗ ಸಮ ಕಾಣುತ್ತೆ" ಅನ್ನುತ್ತಿದ್ದರು. ಅಷ್ಟು ವರ್ಷ ಅದೊಂದೇ ತಲೆ ಕತ್ತರಿಸಿದ ಕೈ ನನ್ನದು.

ಔಷಧಿ ಅಂಗಡಿ ಯಜಮಾನರ ತಲೆ ಮುಗಿಯುವಷ್ಟರಲ್ಲಿ ಡ್ರೈವರ್ ಬಂದು ಬಾಗಿಲಲ್ಲಿ ನಿಂತ. ಅವನಿಗೂ ಪಾಸು ಬೇಕಲ್ಲ. ಇವರನ್ನು ಕಂಡದ್ದೇ ಹಿಂದಕ್ಕೆ ತಿರುಗಿದ. ನನಗೆ ಎಲ್ಲಿಂದ ಬಂತೋ ಸಿಟ್ಟು. "ಎಲ್ಲಿಗೆ ಹೋಗ್ತೀಯ? ಬಾ ಇಲ್ಲಿ, ಕನ್ನಡಿ ಹಿಡಿ" ಅಂದೆ. ನನ್ನ ಎರಡೂ ಕೈಯಲ್ಲಿ ಕತ್ತರಿ, ಬಾಚಣಿಗೆ. ಗಿರಾಕಿಗೆ ಹಿಂದುಗಡೆ ತೋರಿಸಲು ಕೈಗನ್ನಡಿ ಹಿಡಿಯುವವರು ಬೇರೆ ಬೇಕು. ಸರದಿಯಲ್ಲಿ ಮುಂದಿನವರು ಯಾರೋ ಅವರೇ ಹಿಡಿಯಬೇಕು ಅಂತ ಆಗಲೇ, ಅಲ್ಲೇ ಕಾನೂನು ಮಾಡಿದೆ. ಡ್ರೈವರ್ ಮುಖ ಗಂಟಿಕ್ಕಿಕೊಂಡು ಹಿಡಿದ. ಯಜಮಾನರಿಗೆ ನಡುನೆತ್ತಿ ಬೋಳು, ಅದನ್ನು ಅವರು ಜನ್ಮದಲ್ಲಿ ನೋಡಿಕೊಂಡಿರಲಿಲ್ಲ. "ಇದೇನಿದು?" ಅಂತ ಹೌಹಾರಿದರು. "ನಿಮ್ಮ ಸರ್ಕಾರದ ಹಾಗೇ ಯಜಮಾನ್ರೇ, ಸುತ್ತ ತುಂಬಿದೆ, ಮಧ್ಯ ಖಾಲಿ" ಅಂದ ಡ್ರೈವರ್. ಇನ್ನೇನು ಹೊಡೆದಾಟ ಅಂತ ಕತ್ತರಿ ಬಚ್ಚಿಟ್ಟೆ. ಯಜಮಾನರು, "ನೀನು ಕೂತ್ಕೋ ಮಗನೇ, ಕನ್ನಡಿ ಈಗ ನನ್ನ ಕೈಗೆ ಬರುತ್ತೆ" ಅಂದರು. ಮೂವರೂ ನಕ್ಕೆವು ಕಣೋ. ನಿನ್ನ ಭಾವ ಹೋದಮೇಲೆ ನಾನು ನಕ್ಕದ್ದು ಅದೇ ಮೊದಲು. ನಕ್ಕ ಮೇಲೆ ನಾಚಿಕೆಯಾಯಿತು, ಆಮೇಲೆ ಹಸಿವಾಯಿತು.

ಮಾರನೆಯ ದಿನದಿಂದ ಬೆಂಚು ಖಾಲಿಯಿಲ್ಲ. ಎರಡು ಕಡೆಯವರೂ ಬಂದರು, ಬರದೆ ಎಲ್ಲಿಗೆ ಹೋಗುತ್ತಾರೆ? ಎಲ್ಲರಿಗೂ ಒಂದೇ ತಲೆ. ಇನ್ನೊಂದು ಕಾನೂನೂ ಮಾಡಿದೆ. ಬೆಂಚಿನ ಮೇಲೆ ಏನು ಬೇಕಾದರೂ ವಾದ ಮಾಡಿ, ಆದರೆ ದನಿ ಏರಿದರೆ ಕುರ್ಚಿಯಲ್ಲಿದ್ದವನ ತಲೆ ಅರ್ಧಕ್ಕೇ ನಿಲ್ಲುತ್ತದೆ. ಯಾರೂ ನಂಬಲಿಲ್ಲ. ಡ್ರೈವರಿನ ಗೆಳೆಯನೊಬ್ಬ ಒಂದು ಕಡೆ ಸೊಂಪು, ಇನ್ನೊಂದು ಕಡೆ ಬಯಲು ಇಟ್ಟುಕೊಂಡು ಇಡೀ ಮಧ್ಯಾಹ್ನ ಕೂತ ಮೇಲೆ ನಂಬಿದರು. ಈಗ ಚುನಾವಣೆ ಯಾವಾಗ, ತಪ್ಪು ಯಾರದು ಅಂತ ಪಿಸುಮಾತಿನಲ್ಲಿ ಜಗಳವಾಡುತ್ತಾರೆ, ನೋಡಲಿಕ್ಕೆ ಎರಡು ಕಣ್ಣು ಸಾಲದು. ಒಬ್ಬರನ್ನೊಬ್ಬರು ಒಪ್ಪಿದ್ದಾರೆ ಅಂತ ತಿಳಿಯಬೇಡ, ಒಂದು ಮಾತನ್ನೂ ಒಪ್ಪಿಲ್ಲ. ಆದರೆ ಔಷಧಿ ಅಂಗಡಿಗೆ ಹೊಸ ಗಾಜು ಬಂದಾಗ ಅದನ್ನು ಹೊತ್ತು ತಂದು ನಿಲ್ಲಿಸಿದ್ದು ಡ್ರೈವರ್. ನನಗೆ ಜ್ವರ ಬಂದಾಗ ಅವನ ತಾಯಿ ಗಂಜಿ ತಂದರು, ಯಜಮಾನರು ಮಾತ್ರೆ ತಂದರು, ಇಬ್ಬರೂ ನನ್ನ ಮಂಚದ ಹತ್ತಿರ ನಿಂತು ಮೊದಲು ಗಂಜಿಯೋ ಮೊದಲು ಮಾತ್ರೆಯೋ ಅಂತ ಕಿತ್ತಾಡಿದರು.

ಇಷ್ಟರಲ್ಲಿ ಬಂತು ಗಂಡಾಂತರ. ಹೋದ ಶುಕ್ರವಾರ ಒಬ್ಬ ಆಫೀಸರು, ಜೊತೆಗೆ ಇಬ್ಬರು ಪೊಲೀಸರು ಅಂಗಡಿಗೆ ನುಗ್ಗಿದರು. ಆಫೀಸರ ಕೈಯಲ್ಲಿ ನಮ್ಮ ಬೀದಿಯವರ ಪಾಸಿನ ಫೋಟೋಗಳು. ಅಷ್ಟನ್ನೂ ಕನ್ನಡಿ ಮುಂದೆ ಸಾಲಾಗಿ ಇಟ್ಟು, "ಏನಮ್ಮ ಇದು? ಎಲ್ಲರಿಗೂ ಕೂದಲು ಎಡಗಡೆ ಮೇಲೆ, ಬಲಗಡೆ ಕೆಳಗೆ. ಯಾವ ಸಂಘದ ಗುರುತು ಇದು? ಹೊಸ ಪಕ್ಷ ಕಟ್ತಿದ್ದೀರಾ? ನಿಜ ಹೇಳದಿದ್ದರೆ ಇವತ್ತೇ ಅಂಗಡಿ ಸೀಲ್" ಅಂದರು.

ನೋಡುತ್ತೇನೆ, ಹೌದು! ಒಂದೊಂದು ಫೋಟೋದಲ್ಲೂ ಎಡಗಡೆ ಅರ್ಧ ಬೆರಳು ಮೇಲೆ. ಕಿವಿ ನೆಟ್ಟಗಿರುವ ಗಂಡಸರಿಗೆಲ್ಲ ನಿನ್ನ ಭಾವನ ಕಿವಿಯ ಲೆಕ್ಕದಲ್ಲೇ ಕತ್ತರಿಸಿದ್ದೇನೆ. ಆಣೆ ಮಾಡಿ ಹೇಳುತ್ತೇನೆ, ಅಲ್ಲಿಯವರೆಗೆ ನನಗೆ ಗೊತ್ತೇ ಆಗಿರಲಿಲ್ಲ. ಅಂಗಡಿ ಹೋಯಿತು, ಇನ್ನು ನಿನ್ನ ಗಾಡಿಯೇ ಗತಿ ಅಂದುಕೊಂಡೆ.

ಬೆಂಚಿನಿಂದ ಔಷಧಿ ಅಂಗಡಿ ಯಜಮಾನರು ಎದ್ದರು. "ಸಂಘ ಅಲ್ಲ ಸಾರ್, ಈ ತಂಗಿಯ ಗಂಡನ ಕಿವಿ" ಅಂದರು. ಆಫೀಸರು "ಏನು?" ಅಂದರು. ಡ್ರೈವರ್ ಗೋಡೆ ಮೇಲಿದ್ದ ನಿನ್ನ ಭಾವನ ಫೋಟೋ ಇಳಿಸಿ ತಂದು ಆ ಸಾಲಿನ ತುದಿಗೆ ಇಟ್ಟ. "ನೋಡಿ ಸಾರ್, ಇವರೇ ನಮ್ಮ ಪಕ್ಷದ ಅಧ್ಯಕ್ಷರು" ಅಂದ. ಆಫೀಸರು ನಿನ್ನ ಭಾವನ ಎಡಗಿವಿ ನೋಡಿದರು, ಬಲಗಿವಿ ನೋಡಿದರು, ಉಳಿದ ಫೋಟೋ ನೋಡಿದರು. ನಗು ತಡೆಯಲು ಕೆಮ್ಮಿದರು. ಸುಮಾರು ಹೊತ್ತು ಕೆಮ್ಮಿದರು ಪಾಪ. ಆಮೇಲೆ ಫೋಟೋಗಳನ್ನೆಲ್ಲ ಎತ್ತಿಕೊಂಡು, "ಅಂಗಡಿ ನಡೀಲಿ. ಆದರೆ ಇವರಿಗೆಲ್ಲ ಎರಡು ಕಡೆಯೂ ಸಮ ಮಾಡಿಬಿಡಮ್ಮ" ಅಂತ ಹೇಳಿ ಹೋದರು.

ನಾನು ನಾಚಿಕೆಯಿಂದ ಸಾಯುತ್ತಿದ್ದೆ. "ಕೂತ್ಕೊಳ್ಳಿ, ಒಬ್ಬೊಬ್ಬರದೇ ಸರಿ ಮಾಡ್ತೀನಿ" ಅಂದೆ. ಒಬ್ಬರೂ ಏಳಲಿಲ್ಲ. "ಮೊದಲ ದಿನವೇ ಮನೆಗೆ ಹೋಗಿ ನೋಡ್ಕೊಂಡೆ ಅಕ್ಕಾ, ನನ್ನ ಹೆಂಡತಿ ಬಿದ್ದು ಬಿದ್ದು ನಕ್ಕಳು" ಅಂದ ಡ್ರೈವರ್. "ಮತ್ತೆ ಯಾಕೋ ಹೇಳಲಿಲ್ಲ?" ಅಂತ ಕೂಗಿದೆ. ಅವನು ತಲೆ ಕೆರೆದುಕೊಂಡ. ಯಜಮಾನರು, "ನಂಗೆ ಹೀಗೇ ಅಭ್ಯಾಸ ಆಗಿದೆಯಮ್ಮ, ಸಮ ಮಾಡಿದರೆ ವಾಲಿದ ಹಾಗಾಗುತ್ತೆ" ಅಂದರು. ಅಪರೂಪಕ್ಕೆ ಇಬ್ಬರದೂ ಒಂದೇ ಅಭಿಪ್ರಾಯ!

ಈಗ ಹೇಳು, ಇವರನ್ನು ಬಿಟ್ಟು ಹೇಗೆ ಬರಲಿ? ಗಲಾಟೆ ಮುಗಿದಿಲ್ಲ, ದೂರದಲ್ಲಿ ಆಗಾಗ ಗುಂಡಿನ ಸದ್ದು ಕೇಳುತ್ತದೆ, ಹಾಲಿಗೂ ಸಾಲು ನಿಲ್ಲಬೇಕು. ಆದರೂ ಬೆಳಗಾದರೆ ಬಾಗಿಲು ತೆಗೆಯುವ ಆಸೆಯಾಗುತ್ತದೆ ನನಗೆ. ನೀನು ಭಾನುವಾರ ಬಾ, ಖಂಡಿತ ಬಾ, ಗಾಡಿ ಬಿಟ್ಟು ಬಾ. ಕೂದಲು ಬೆಳೆಸಿಕೊಂಡು ಬಂದರೆ ಇನ್ನೂ ಸಂತೋಷ. ಎಡಗಡೆ ಹೇಗೆ ಬೇಕು ಅಂತ ಮಾತ್ರ ಮೊದಲೇ ಹೇಳಿಬಿಡು.

ನಿನ್ನ ಮನೆ ತಣ್ಣಗಿರಲಿ. ಮಕ್ಕಳು ಗಲಾಟೆಯ ಸುದ್ದಿ ಕೇಳದ ಹಾಗೆ ದೊಡ್ಡವರಾಗಲಿ. ನಿನ್ನ ಹೆಂಡತಿಯ ತಾಳ್ಮೆ ಹೆಚ್ಚಲಿ, ನಿನ್ನ ಜೊತೆ ಬಾಳುವವಳಿಗೆ ಅದು ಬೇಕೇ ಬೇಕು.

ನಿನ್ನ ಅಕ್ಕ

ಮರೆತಿದ್ದೆ ಅಂತ ಸುಳ್ಳು ಹೇಳುವುದಿಲ್ಲ, ಬರೆಯಲೋ ಬೇಡವೋ ಅಂತ ಇಷ್ಟು ಹೊತ್ತು ಯೋಚಿಸುತ್ತಿದ್ದೆ. ಮೊನ್ನೆ ಹಾಲಿನ ಸಾಲಿನಲ್ಲಿ ಕೊನೆಗೆ ನಿಂತಿದ್ದೆ. ಮುಂದೆ ಉದ್ದಕ್ಕೂ ನಮ್ಮ ಬೀದಿಯ ಗಂಡಸರೇ, ಎಲ್ಲರ ಬೆನ್ನೂ ನನ್ನ ಕಡೆಗೆ. ಹಿಂದಿನಿಂದ ನೋಡಿದರೆ ಅಷ್ಟೂ ತಲೆ ನಿನ್ನ ಭಾವನದೇ. ನನ್ನ ಕೈಯಾರೆ ಮಾಡಿದ ತಲೆಗಳು, ನನಗೆ ಗೊತ್ತಿಲ್ಲವಾ? ಗೊತ್ತಿತ್ತು. ಆದರೂ ಬಾಯಿ ಕೇಳಲಿಲ್ಲ ಕಣೋ. "ರೀ" ಅಂತ ಕರೆದುಬಿಟ್ಟೆ, ಮನೆಯಲ್ಲಿ ಕರೆಯುತ್ತಿದ್ದ ಹಾಗೇ. ಸಾಲಿಗೆ ಸಾಲೇ ತಿರುಗಿ ನೋಡಿತು. ಒಂದೊಂದು ಮುಖವನ್ನೂ ಹುಡುಕಿದೆ. ಅವರು ಇರಲಿಲ್ಲ. ಅವರು ಇನ್ನಿಲ್ಲ ಅಂತ ನನಗೆ ನಿಜವಾಗಿ ತಿಳಿದದ್ದು ಅಲ್ಲಿ, ಹಾಲಿನ ಪಾತ್ರೆ ಹಿಡಿದುಕೊಂಡು ನಿಂತಾಗ. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ಏನು ಹೇಳಲಿ? ಬಾಯಿಗೆ ಬಂದದ್ದು ಹೇಳಿದೆ, "ಎಲ್ಲರಿಗೂ ಹಿಂದುಗಡೆ ತುಂಬಾ ಬೆಳೆದುಬಿಟ್ಟಿದೆ, ನಾಳೆ ಅಂಗಡಿಗೆ ಬನ್ನಿ" ಅಂತ. ನಿನ್ನೆ ಬೆಳಗ್ಗೆ ಬಾಗಿಲು ತೆಗೆದರೆ ಅಷ್ಟೂ ಜನ ಬಂದು ನಿಂತಿದ್ದಾರೆ. ಒಬ್ಬೊಬ್ಬರನ್ನೇ ಕೂರಿಸಿ ಹಿಂದುಗಡೆ ಕೈಯಾಡಿಸಿದೆ. ಕತ್ತರಿಸಲು ಒಬ್ಬರ ತಲೆಯಲ್ಲೂ ಏನೂ ಇರಲಿಲ್ಲ. ಅದು ಅವರಿಗೂ ಗೊತ್ತಿತ್ತು.