ನಾಲ್ಕೂ ಮುಕ್ಕಾಲಿನ ಬಸ್ಸು

ಡೊಂಬಿವಲಿ ಪೂರ್ವ
೨೧ ಜನವರಿ ೨೦೨೫

ಪ್ರೀತಿಯ ಪ್ರಿಯಂವದಾ,

ನೀನೂ ಸಂಜನಾಳೂ ಚೆನ್ನಾಗಿದ್ದೀರೆಂದು ನಂಬಿಕೊಂಡು ಬರೆಯುತ್ತಿದ್ದೇನೆ. ನಿನ್ನ ಕಾಗದ ಬಂದು ಐದು ವಾರವಾಯಿತು. ಕ್ಷಮಿಸು. ನೀನಿರುವ ಠಾಣೆ ಊರಿನಿಂದ ಇಲ್ಲಿಗೆ ಲೋಕಲ್ ರೈಲಿನಲ್ಲಿ ಅರ್ಧ ಗಂಟೆ. ಅಷ್ಟು ಹತ್ತಿರವಿದ್ದೂ ಅಂಚೆಯಲ್ಲಿ ಯಾಕೆ ಬರೆದಳು ಎಂದು ಮೊದಲು ಆಶ್ಚರ್ಯವಾಗಿತ್ತು. ಎರಡನೇ ಸಾಲಿನಲ್ಲೇ ನೀನು ಹೇಳಿದ್ದೆ: "ಫೋನಿನಲ್ಲಿ ಕೇಳಿದರೆ ನೀವು ಕೂಡಲೇ ಉತ್ತರ ಕೊಡುತ್ತೀರಿ ಮುಕ್ತಕ್ಕ. ಕೂಡಲೇ ಕೊಡುವ ಉತ್ತರ ನನಗೆ ಬೇಡ."

ಕನ್ನಡದಲ್ಲಿ ಬರೆಯುವುದು ನನಗೆ ನಿಧಾನ, ನಿನಗೇ ಗೊತ್ತು. ಶಾಲೆಯಲ್ಲಿ ಕಲಿತದ್ದಲ್ಲ, ಅಪ್ಪ ಬೇಸಗೆ ರಜೆಯಲ್ಲಿ ಕೂರಿಸಿ ತಿದ್ದಿಸಿದ್ದು. ಇಂಗ್ಲಿಷಿನಲ್ಲಿ ನಾಲ್ಕು ಸಲ ಶುರುಮಾಡಿದೆ. ಪ್ರತಿ ಸಲವೂ ಆಫೀಸಿಗೆ ಕೊಡುವ ವಿವರಣೆಯ ಹಾಗೆ, ತಪ್ಪು ಯಾರದೂ ಅಲ್ಲವೆಂಬ ಹಾಗೆ ಬಂತು. ಹರಿದು ಹಾಕಿದೆ.

ನೀನು ಕೇಳಿದ್ದು ಒಂದೇ ಪ್ರಶ್ನೆ. ತಮ್ಮ ಮನೀಶ ಕಾಣೆಯಾಗಿ ಹದಿನಾಲ್ಕು ತಿಂಗಳಾಯಿತು, ಉಡುಪಿಯಲ್ಲಿ ಕ್ರಿಯೆ ಮಾಡಿಸಿಬಿಡಿ ಎಂದು ಪದ್ಮಾವತಿ ಚಿಕ್ಕಮ್ಮ ಒತ್ತಾಯಿಸುತ್ತಿದ್ದಾರೆ. ದೇಹ ಸಿಗದವರಿಗೆ ಮುನ್ನೂರ ಅರುವತ್ತು ಮುತ್ತುಗದ ತೊಟ್ಟುಗಳನ್ನು ಜೋಡಿಸಿ ಒಂದು ಆಕೃತಿ ಮಾಡಿ ಸುಡುತ್ತಾರಂತೆ. "ಆದರೆ ಅವರು ಬದುಕಿದ್ದರೆ? ನಾವು ಬೇಡವೆಂದು ತಾವಾಗಿ ಹೋಗಿದ್ದರೆ? ಬದುಕಿರುವವರಿಗೆ ನಾನು ಬೆಂಕಿ ಕೊಡಿಸಲೇ? ಕೊನೆಗೆ ನೋಡಿದ್ದು ನೀವು. ಆ ದಿನ ಅವರು ಏನು ಹೇಳಿದರು, ಇನ್ನೊಮ್ಮೆ ಸರಿಯಾಗಿ ನೆನಪು ಮಾಡಿಕೊಂಡು ಬರೆಯಿರಿ."

ದೀಪಾವಳಿಗೆ ಬಂದಾಗ ಸಂಜನಾ ಇದನ್ನೇ ಅಡುಗೆಮನೆಯಲ್ಲಿ ಕೇಳಿದಳು, ತನ್ನ ಹಿಂದಿಯಲ್ಲಿ. "ಅತ್ತೆ, ಪಪ್ಪಾನೇ ಖುದ್ ಬೋಲಾ ಥಾ ನಾ, ಮೈ ನಹೀ ಆವೂಂಗಾ?" ಪಪ್ಪಾ ತಾನೇ ಹೇಳಿದ್ದನಲ್ಲವೇ, ಬರುವುದಿಲ್ಲ ಎಂದು. ಚಕ್ಕುಲಿ ಸೀದು ಹೋಗುತ್ತಿದೆ ಎಂದು ನಾನು ಒಲೆಯ ಕಡೆ ತಿರುಗಿದೆ. ಹದಿಮೂರು ವರ್ಷದವಳು, ಮತ್ತೆ ಕೇಳಲಿಲ್ಲ.

ನನ್ನ, ಮನೀಶನ ಗುಡ್ಡಗಳ ಹುಚ್ಚು ನಿನಗೆ ಎಂದೂ ಅರ್ಥವಾಗಲಿಲ್ಲ. ರಬಾಳೆಯ ಕಂಪನಿಯಲ್ಲಿ ವಾರವೆಲ್ಲ ನಿಂತು ದುಡಿದವನು ಭಾನುವಾರ ಬೆಳಗ್ಗೆ ಐದಕ್ಕೆ ಎದ್ದು ಕಲ್ಯಾಣದ ಎಸ್‌ಟಿ ಬಸ್‌ಸ್ಟ್ಯಾಂಡಿಗೆ ಓಡುವುದೆಂದರೆ! ನೀನು ಕಾರು ತೆಗೆದುಕೊಳ್ಳಿ ಎಂದಾಗ ಅವನು ಹೇಳುತ್ತಿದ್ದ: "ಕಾರಿನವ ನಿಲ್ಲಿಸಿದಲ್ಲಿಗೇ ವಾಪಸ್ ಬರಬೇಕು ಮಾರಾಯ್ತಿ. ಬಸ್ಸಿನವ ಈ ಕಡೆ ಹತ್ತಿ ಆ ಕಡೆ ಇಳಿಯಬಹುದು." ಯೇವೂರು, ಮಲಂಗಗಡ, ಖಾರಘರದ ಗುಡ್ಡ, ಮುರಬಾಡಿನ ಆಚೆಯ ಹಳ್ಳಿಗಳು, ಬಸ್ಸು ಹೋಗುವ ಕಡೆ ಮಾತ್ರ ನಾವು ಹೋದದ್ದು. ಹನ್ನೊಂದು ವರ್ಷ.

ಬಸ್ಸಿನಿಂದಲೇ ನಮ್ಮ ಕಾಯಿದೆಗಳೂ ಹುಟ್ಟಿದ್ದವು. ಒಂದೂವರೆಗೆ ಎಲ್ಲಿದ್ದರೂ ತಿರುಗಬೇಕು. ಕೊರಳಲ್ಲಿ ಸೀಟಿ ಇರಬೇಕು. ಎರಡು ಸಲ ಊದಿದರೆ "ಬಂದೆ, ಬಸ್ಸು ಹಿಡಿದಿಡು" ಎಂದರ್ಥ. ಮೂರು ಸಲ ಊದಿದರೆ ಅಪಾಯ. ಒಂದೂವರೆಯ ಕಾಯಿದೆಯನ್ನು ಅವನು ಎಂದೂ ಪಾಲಿಸಲಿಲ್ಲ. ನಾನು ಇಳಿದು ಬಂದು ಕಂಡಕ್ಟರನ ಹತ್ತಿರ ಬೇಡಿಕೊಳ್ಳುವುದು, ಅವನು ಕೊನೆಯ ತಿರುವಿನಲ್ಲಿ ಎರಡು ಸಲ ಊದಿ ನಗುತ್ತಾ ಓಡಿ ಬರುವುದು. ಬಸ್ಸಿನ ತುಂಬ ಜನ ನನ್ನ ಮುಖ ನೋಡುತ್ತಿದ್ದರು. ಪಳಸವಾಡಿಯ ಮಾರ್ಗದ ಕಂಡಕ್ಟರ್ ಭುಜಂಗ ಒಳ್ಳೆಯವನು, ಹತ್ತು ನಿಮಿಷ ನಿಲ್ಲಿಸುತ್ತಿದ್ದ. ಪಳಸವಾಡಿಯಿಂದ ಅದೇ ಕೊನೆಯ ಬಸ್ಸು, ನಾಲ್ಕೂ ಮುಕ್ಕಾಲಿನದು.

ಅವನು ಕಾಣೆಯಾದ ಆ ಭಾನುವಾರವೂ ಪಳಸವಾಡಿಯ ಗುಡ್ಡದಲ್ಲಿ ಒಂದೂವರೆಗೆ ನಾನೊಬ್ಬಳೇ ತಿರುಗಿದೆ. ಅವನು ಮೇಲಕ್ಕೆ ಹೋದ. ಮುಂದಿನದ್ದನ್ನು ನಾನು ನಿನಗೂ ಪೊಲೀಸರಿಗೂ ಹೇಳಿದ್ದೆ: ರಾತ್ರಿ ಹಳ್ಳಿಯಲ್ಲೇ ಉಳಿದು ನಾಳೆ ಬರುತ್ತೇನೆ ಎಂದಿದ್ದ, ಅಂತ. ಆ ಮಾತನ್ನು ನಂಬಿ ನೀನು ಸೋಮವಾರವಿಡೀ ಕಾದೆ. ಕಣಿವೆಯಲ್ಲಿ ಫೋನು ಹತ್ತುವುದಿಲ್ಲ ಎಂದು ನಾನೇ ಸಮಾಧಾನ ಮಾಡಿದೆ. ಬುಧವಾರ ಹುಡುಕಲು ಹೋದವರು ಹಳ್ಳಿಯ ಮನೆಗಳಲ್ಲಿ, ರಸ್ತೆಯಲ್ಲಿ ವಿಚಾರಿಸಿದರು. ಉಳಿಯುತ್ತೇನೆಂದು ಹೇಳಿ ಹೋದವನನ್ನು ಕಮರಿಯಲ್ಲಿ ಯಾರು ಹುಡುಕುತ್ತಾರೆ?

ಅಂದಿನಿಂದ ಪ್ರತಿ ತಿಂಗಳು ಅದೇ ಮಾರ್ಗದ ಬಸ್ಸಿನಲ್ಲಿ ಪಳಸವಾಡಿಗೆ ಹೋಗುತ್ತಿದ್ದೇನೆ, ನಿನಗೆ ಹೇಳಿರಲಿಲ್ಲ. ಚಹಾದಂಗಡಿಯ ಬೆಂಚಿನಲ್ಲಿ ಕೂತು ಗುಡ್ಡ ನೋಡಿ ವಾಪಸ್ ಬರುತ್ತೇನೆ. ಇದು ಹುಡುಕುವುದೋ, ಹುಡುಕಿದೆನೆಂದು ಅನ್ನಿಸಿಕೊಳ್ಳುವುದೋ, ನನಗೂ ತಿಳಿಯದು.

ಮೊನ್ನೆ ಭಾನುವಾರ ಪಕ್ಕದ ಬೆಂಚಿನಲ್ಲಿ ಗಂಡ ಹೆಂಡತಿ ಕನ್ನಡದಲ್ಲಿ ಜಗಳವಾಡುತ್ತಿದ್ದರು. ಕಲಬುರಗಿ ಕಡೆಯವರು. ಹುಲಗಪ್ಪ, ಸಾಬವ್ವ. ಅಲ್ಲಿಯ ಸಣ್ಣ ಸೇತುವೆಯ ಕೆಲಸಕ್ಕೆ ಬಂದವರು. ನಾನು ಕನ್ನಡದಲ್ಲಿ ಮಾತಾಡಿಸಿದ್ದೇ ತಡ, ಹುಲಗಪ್ಪ ಕೇಳಿದ: "ತಿಂಗಳಾ ತಿಂಗಳಾ ಬರ್ತೀರಂತಲ್ರಿ ಅಕ್ಕಾರ, ಚಾದಂಗಡ್ಯಾಂವ ಹೇಳಿದ. ಗುಡ್ಡಕ್ಕ ಹರಕಿ ಹೊತ್ತೀರೇನ್ರಿ?"

"ಸುಮ್ನಿರು ನೀ. ಅವರ ಮಾರಿ ನೋಡು ಮೊದ್ಲ," ಎಂದಳು ಸಾಬವ್ವ.

ತಮ್ಮ ಇಲ್ಲೇ ಕಾಣೆಯಾದ ಎಂದೆ. ಯಾವಾಗ ಎಂದು ಕೇಳಿದರು, ಹೇಳಿದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ಅವರು ಅಲ್ಲೇ ಡಾಂಬರು ಕೆಲಸದಲ್ಲಿದ್ದರಂತೆ, ಆ ಭಾನುವಾರವೇ ಅಲ್ಲಿ ಅವರ ಕೊನೆಯ ದಿನ.

"ಆವತ್ತ ಸಂಜೀಕ ಸೀಟಿ ಕೇಳ್ಸಿತ್ರಿ," ಎಂದ ಹುಲಗಪ್ಪ. "ಮೂರ್ ಸಲ ಊದೂದು, ನಿಂದ್ರೂದು. ಮತ್ತ ಮೂರ್ ಸಲ. ದನಾ ಕಾಯಾಂವ ಇರ್ಬೇಕಂತ ಬಿಟ್ಟೆ."

"ನಾ ಕೇಳಿದ್ದೆ, ಕತ್ತಲಾದ ಮ್ಯಾಲ ದನಾ ಕಾಯಾಂವಗ ಏನ್ ಕೆಲಸಾ ಅಂತ. ಕೂಳು ನುಂಗಿ ಮಕ್ಕೋ ಅಂದಿ ನೀ ನನಗ."

"ಅಂದೆ. ಅಂದಿದ್ದು ಖರೇ."

ಮರುದಿನ ಬೆಳಕು ಹರಿಯುವ ಮೊದಲೇ ಮೇಸ್ತ್ರಿ ಅವರನ್ನು ಟೆಂಪೋದಲ್ಲಿ ತುಂಬಿಕೊಂಡು ರಬಾಳೆಯ ಕಡೆಯ ಕೆಲಸಕ್ಕೆ ಒಯ್ದ. ಇಲ್ಲಿ ಒಬ್ಬರು ಕಾಣೆಯಾದದ್ದು ಅವರಿಗೆ ಗೊತ್ತೇ ಆಗಲಿಲ್ಲ.

ಹುಲಗಪ್ಪ ನನ್ನನ್ನು ಸೀಟಿ ಕೇಳಿದ ಕಡೆಗೆ ಕರೆದುಕೊಂಡು ಹೋದ. ಪೂರ್ವದ ಕಮರಿ. ಬಸ್‌ಸ್ಟ್ಯಾಂಡಿನ ನೇರ ಮೇಲೆಯೇ, ಪ್ರಿಯಂವದಾ, ಇಪ್ಪತ್ತು ನಿಮಿಷದ ದಾರಿ ಕೂಡ ಅಲ್ಲ. ಅಂಚಿನಲ್ಲಿ ಮುತ್ತುಗದ ಮರಗಳು, ಕೆಳಗೆ ಪೊದೆ, ಅದರ ಕೆಳಗೆ ಕಾಣಿಸುವುದಿಲ್ಲ. ಹುಲಗಪ್ಪ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಅರ್ಧ ಇಳಿದು ಬಂದ. "ಏನೂ ಇಲ್ರಿ. ಒಂದ್ ಮಳಿಗಾಲ ನೀರು ಹರದೈತ್ರಿ ಇದರಾಗ," ಎಂದ. ಪೊಲೀಸರಿಗೆ ತಿಳಿಸಿದ್ದೇನೆ. ಬರೆದುಕೊಂಡರು. ಏನಾದರೂ ಸಿಗುತ್ತದೆಂದು ನಿನ್ನನ್ನು ನಂಬಿಸಲಾರೆ.

ಹಾಗಾಗಿ ಉತ್ತರ ಇದು. ಅವನು ನಿನ್ನನ್ನು ಬಿಟ್ಟು ಹೋಗಲಿಲ್ಲ. ಬರುವುದಕ್ಕೆ ಕತ್ತಲಾಗುವವರೆಗೆ ಪ್ರಯತ್ನಪಟ್ಟ. ಕ್ರಿಯೆ ಮಾಡಿಸು. ಇದನ್ನು ಸಂಜನಾಳಿಗೂ ಹೇಳು, ಅವಳ ಪಪ್ಪಾ ಬರುವುದಿಲ್ಲವೆಂದು ಹೇಳಿರಲಿಲ್ಲ.

ಅವಳ ಪರೀಕ್ಷೆ ಚೆನ್ನಾಗಿ ಆಗಲಿ. ನಿನಗೆ ನಿದ್ದೆ ಬರಲಿ. ಇದಕ್ಕಿಂತ ದೊಡ್ಡದನ್ನು ಹಾರೈಸುವ ಧೈರ್ಯ ನನಗಿಲ್ಲ.

ನಿನ್ನ
ಮುಕ್ತಕ್ಕ

ಕಾಗದ ಮಡಚಿದ ಮೇಲೆ ಮತ್ತೆ ಬಿಡಿಸಿದ್ದೇನೆ.

ಉಳಿಯುತ್ತೇನೆ ಎಂದು ಅವನು ನನಗೂ ಹೇಳಿರಲಿಲ್ಲ. ಆ ದಿನ ಭುಜಂಗ ಎಂದಿನಂತೆ ಕೇಳಿದ: "ತಾಈ, ಭಾವೂ ಕುಠೇ? ಥಾಂಬೂ ಕಾ?" ಅಕ್ಕಾ, ತಮ್ಮ ಎಲ್ಲಿ, ಕಾಯಲೇ ಎಂದು. ಹಿಂದಿನ ಸೀಟಿನ ಹೆಂಗಸೊಬ್ಬಳು ಇವರಿಗೆ ಬಸ್ಸು ಅಪ್ಪನ ಮನೆಯದು ಎಂದಳು, ನಾಲ್ಕು ಜನ ನಕ್ಕರು. ನನಗೆ ಸಾಕಾಗಿತ್ತು. ಒಮ್ಮೆಯಾದರೂ ಅವನು ಒಂದು ರಾತ್ರಿ ಅಲ್ಲಿ ಒದ್ದಾಡಲಿ, ಬುದ್ಧಿ ಬರಲಿ ಅನ್ನಿಸಿತು. "ನಕೋ, ತೊ ಮುಕ್ಕಾಮಾಲಾ ಆಹೆ," ಎಂದೆ. ಬೇಡ, ಅವನು ಇಲ್ಲೇ ಉಳಿಯುತ್ತಾನೆ. ಭುಜಂಗ ಗಂಟೆ ಎಳೆದ. ಆ ಸುಳ್ಳನ್ನೇ ನಿನಗೆ ಹೇಳಿದೆ, ಪೊಲೀಸರಿಗೂ ಹೇಳಿದೆ. ಆಮೇಲೆ ಬದಲಿಸಲಾಗಲಿಲ್ಲ.

ಉಡುಪಿಗೆ ನಾನು ಬರುವುದಿಲ್ಲ. ಕರೆಯಬೇಡ. ಇದನ್ನು ಸಂಜನಾಳಿಗೆ ಹೇಳುವುದೋ ಬಿಡುವುದೋ ನಿನಗೆ ಬಿಟ್ಟದ್ದು.

ಇನ್ನೊಂದಿದೆ. ಬಸ್ಸು ಹೊರಟಾಗ ಸೀಟಿ ನನಗೂ ಕೇಳಿಸಿತು. ಎರಡೋ ಮೂರೋ ಗೊತ್ತಾಗಲಿಲ್ಲ ಎಂದು ಹದಿನಾಲ್ಕು ತಿಂಗಳು ನನಗೆ ನಾನೇ ಹೇಳಿಕೊಂಡೆ. ಗೊತ್ತಾಗಿತ್ತು. ಎಣಿಸಿದ್ದೆ. ಎಣಿಸಿ, ಕಿಟಕಿಯ ಗಾಜು ಎಳೆದುಕೊಂಡೆ.